ಜಾಜ್ ಗಿಟಾರ್: ಹೊಸ ಕಲಿಕೆಗಾರರ ತಪ್ಪುಗಳು, ಚರಿತ್ರೆ ಕಲಿಸುವ ಪಾಠಗಳು



ಗಿಟಾರು ನಮಗೆ ಹೊಸ ವಾದ್ಯವೇನಲ್ಲ. ಕಾಲೇಜು ವಾರ್ಷಿಕೋತ್ಸವ, ಇಗರ್ಜಿಯ ಗಾಯನವೃಂದ, ಚಲನಚಿತ್ರ ಗೀತೆ, ಎಲ್ಲ ಕಡೆಯಲ್ಲೂ ಅದರ ದನಿ ಕೇಳುತ್ತದೆ. ನಾಲ್ಕಾರು ತಿಂಗಳು ಶ್ರಮಿಸಿದರೆ ಒಂದು ಹಾಡಿಗೆ ಹಿಮ್ಮೇಳ ನುಡಿಸುವಷ್ಟು ಕೈ ಪಳಗುತ್ತದೆ. ಆದರೆ ಅದೇ ಗಿಟಾರಿನಲ್ಲಿ ಜಾಜ್ ನುಡಿಸಲು ಹೊರಟವರಲ್ಲಿ ಹೆಚ್ಚಿನವರು ಒಂದೆರಡು ವರ್ಷದೊಳಗೆ ಕೈಬಿಡುತ್ತಾರೆ. ನಾನೂ ಹಾಗೆ ಕೈಬಿಟ್ಟವನೇ. ಕಾಲೇಜು ದಿನಗಳಲ್ಲಿ ಒಂದು ಪುಸ್ತಕ ತಂದಿಟ್ಟುಕೊಂಡು ಮೂರು ವರ್ಷ ದಿನವೂ ಸ್ಕೇಲುಗಳನ್ನು ಅಭ್ಯಾಸ ಮಾಡಿದೆ. ಒಂದು ಸಂಜೆ ಗೆಳೆಯರ ಕೂಟದಲ್ಲಿ ಸ್ಯಾಕ್ಸೊಫೋನ್ ನುಡಿಸುವ ಹಿರಿಯರೊಬ್ಬರು, "ನಿಮಗೆ ಗೊತ್ತಿರುವ ಯಾವುದಾದರೂ ಒಂದು ಹಾಡು ಶುರು ಮಾಡಿ, ನಾನು ಸೇರಿಕೊಳ್ಳುತ್ತೇನೆ" ಎಂದರು. ನನಗೆ ಹನ್ನೆರಡು ಸ್ಕೇಲುಗಳು ಗೊತ್ತಿದ್ದವು. ಪೂರ್ತಿಯಾಗಿ ಒಂದು ಹಾಡೂ ಗೊತ್ತಿರಲಿಲ್ಲ. ಅಂದು ಮನೆಗೆ ಬಂದು ಅಟ್ಟಕ್ಕೇರಿಸಿದ ಗಿಟಾರನ್ನು ಮತ್ತೆ ಕೆಳಗಿಳಿಸಲು ಹನ್ನೊಂದು ವರ್ಷ ಬೇಕಾಯಿತು.

ತಪ್ಪಿದ್ದುದು ಎಲ್ಲಿ? ಈ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಪಾಠದ ಪುಸ್ತಕದಲ್ಲಲ್ಲ, ಜಾಜ್ ಗಿಟಾರಿನ ಚರಿತ್ರೆಯಲ್ಲಿ. ಈ ವಾದ್ಯವನ್ನು ಜಾಜ್‌ಗೆ ಒಗ್ಗಿಸಿದವರು ಹೇಗೆ ಕಲಿತರು ಎಂಬುದನ್ನು ನೋಡಿದರೆ ನಾವು ಹೇಗೆ ತಪ್ಪುತ್ತೇವೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಕಾರ್ಯಕ್ರಮದಲ್ಲಿ ಕಾಲಾವಕಾಶ ಸಾಲದೆ ಬಿಟ್ಟ ಸಂಗತಿಗಳನ್ನೂ ಸೇರಿಸಿ ಇಲ್ಲಿ ಹೇಳುತ್ತಿದ್ದೇನೆ.

ದನಿ ಕೇಳದ ವಾದ್ಯ

ಜಾಜ್ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಅಮೆರಿಕದ ದಕ್ಷಿಣದ ಬಂದರು ನಗರವಾದ ನ್ಯೂ ಆರ್ಲಿಯನ್ಸ್‌ನಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ. ಕಹಳೆಯಂಥ ಕಾರ್ನೆಟ್, ಕ್ಲಾರಿನೆಟ್, ಟ್ರೋಂಬೋನ್, ಡ್ರಮ್ಮುಗಳ ಅಬ್ಬರದಲ್ಲಿ ಗಿಟಾರಿನ ಮೆಲುದನಿ ಮುಳುಗಿಹೋಗುತ್ತಿತ್ತು. ಆದ್ದರಿಂದ ತಂಡಗಳಲ್ಲಿ ಕಣಕಣ ಎನ್ನುವ ಬ್ಯಾಂಜೋಗೇ ಪ್ರಾಶಸ್ತ್ಯ. 1925ರಲ್ಲಿ ಧ್ವನಿಮುದ್ರಣಕ್ಕೆ ವಿದ್ಯುತ್ ಮೈಕ್ರೊಫೋನ್ ಬಂದ ಮೇಲೆ ಗಿಟಾರಿನ ಅದೃಷ್ಟ ತೆರೆಯಿತು.

ಹೀಗೆ ಮೊದಲು ಕೇಳಿಬಂದವರು ಇಬ್ಬರು. ಒಬ್ಬರು ನ್ಯೂ ಆರ್ಲಿಯನ್ಸ್‌ನ ಲೋನಿ ಜಾನ್ಸನ್. ಇವರು 1927ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಟ್ ಫೈವ್ ತಂಡದೊಡನೆ ನುಡಿಸಿದವರು. ಇನ್ನೊಬ್ಬರು ಫಿಲಡೆಲ್ಫಿಯಾದ ಇಟಾಲಿಯನ್ ಮನೆತನದ ಎಡ್ಡಿ ಲ್ಯಾಂಗ್. 1928 ಮತ್ತು 1929ರಲ್ಲಿ ಇವರಿಬ್ಬರೂ ಜೊತೆಯಾಗಿ ಗಿಟಾರ್ ಜುಗಲ್‌ಬಂದಿಗಳನ್ನು ಮುದ್ರಿಸಿದರು. ಆಗ ಅಮೆರಿಕದಲ್ಲಿ ವರ್ಣಭೇದ ಎಷ್ಟು ಕಟುವಾಗಿತ್ತೆಂದರೆ, ಕಪ್ಪು ಕಲಾವಿದನ ಜೊತೆ ಬಿಳಿಯನೊಬ್ಬ ನುಡಿಸಿದ್ದಾನೆ ಎಂಬುದು ರೆಕಾರ್ಡಿನ ಮೇಲೆ ಕಾಣಬಾರದಾಗಿತ್ತು. ಲ್ಯಾಂಗ್ 'ಬ್ಲೈಂಡ್ ವಿಲ್ಲಿ ಡನ್' ಎಂಬ ಕಲ್ಪಿತ ಹೆಸರಿನಲ್ಲಿ ಅಡಗಿಕೊಳ್ಳಬೇಕಾಯಿತು.

ಆ ಮುದ್ರಿಕೆಗಳನ್ನು ಇಂದು ಕೇಳುವಾಗ ಗಮನಕ್ಕೆ ಬರುವುದು ಲ್ಯಾಂಗ್ ಅವರ ಸಂಯಮ. ದೊಡ್ಡ ಹೆಸರಿದ್ದ ಕಲಾವಿದರಾದರೂ ಅವರು ಹೆಚ್ಚಿನ ಹೊತ್ತು ಜಾನ್ಸನ್ ಅವರ ಕೆಳಗೆ ಆಧಾರ ಹಾಸುತ್ತಾರೆ. ಹೊಸಬರ ಮೊದಲ ತಪ್ಪು ಇದಕ್ಕೆ ವಿರುದ್ಧವಾದದ್ದು: ಗಿಟಾರು ಹಿಡಿದ ದಿನದಿಂದಲೇ ತಾವು ಮುಂದೆ ನಿಂತು ನುಡಿಸುವುದನ್ನಷ್ಟೇ ಕಲಿಯುತ್ತಾರೆ. ಪಕ್ಕದವನಿಗೆ ಕಿವಿಗೊಟ್ಟು, ಅವನಿಗೆ ಒತ್ತಾಸೆಯಾಗುವ ವಿದ್ಯೆಯನ್ನು ಕಲಿಯುವುದಿಲ್ಲ. ಜಾಜ್ ತಂಡದಲ್ಲಿ ಗಿಟಾರು ವಾದಕನು ಕಛೇರಿಯ ಬಹುಪಾಲು ಸಮಯ ಪಕ್ಕವಾದ್ಯದವನೇ ಆಗಿರುತ್ತಾನೆ ಎಂಬುದನ್ನು ಮರೆಯಬಾರದು.

ಐವತ್ತು ವರ್ಷ, ನಾಲ್ಕು ಏಟು

ಪಕ್ಕವಾದ್ಯದ ಮಹಿಮೆಯನ್ನು ಅರಿಯಬೇಕಾದರೆ ಫ್ರೆಡ್ಡಿ ಗ್ರೀನ್ ಅವರನ್ನು ನೆನೆಯಬೇಕು. 1937ರಲ್ಲಿ ಕೌಂಟ್ ಬೇಸಿಯವರ ವಾದ್ಯವೃಂದಕ್ಕೆ ಸೇರಿದ ಗ್ರೀನ್ 1987ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 50 ವರ್ಷ ಕಾಲ, ಅದೇ ವೃಂದದಲ್ಲಿದ್ದರು. ಬೇಸಿಯವರು 1984ರಲ್ಲಿ ತೀರಿಕೊಂಡ ನಂತರವೂ ಬಿಡಲಿಲ್ಲ. ಅವರು ವಿದ್ಯುತ್ ಗಿಟಾರು ಬಳಸಲಿಲ್ಲ. ತನಿ ನುಡಿಸಿದ್ದು ಅತಿ ವಿರಳ. ಆವರ್ತಕ್ಕೆ ನಾಲ್ಕು ಏಟು, ಪ್ರತಿಯೊಂದು ಏಟೂ ಹಿಂದಿನದರಷ್ಟೇ ಖಚಿತ: ಅವರ ಕೆಲಸ ಅಷ್ಟೇ. ಆದರೆ ಹದಿನೈದು ಹದಿನಾರು ಜನರ ವೃಂದ ಒಂದೇ ದೇಹದಂತೆ ನಡೆಯುತ್ತಿದ್ದುದು ಆ ಏಟುಗಳ ಮೇಲೆ.

ಹೊಸ ಕಲಿಕೆಗಾರರು ಲಯವನ್ನು ಆಮೇಲೆ ನೋಡಿಕೊಳ್ಳೋಣ ಎಂದು ಮುಂದೂಡುತ್ತಾರೆ. ಇದು ಎರಡನೆಯ ತಪ್ಪು, ಬಹುಶಃ ಎಲ್ಲಕ್ಕಿಂತ ದೊಡ್ಡದು. ಜಾಜ್‌ನ ಲಯದಲ್ಲಿ ಎರಡು ವಿಶೇಷಗಳುಂಟು. ಒಂದು, ನಾಲ್ಕು ಎಣಿಕೆಗಳಲ್ಲಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಒತ್ತು. ನಾವು ಭಜನೆಯಲ್ಲಿ ಒಂದನೆಯ ಎಣಿಕೆಗೆ ತಾಳ ತಟ್ಟಿ ಅಭ್ಯಾಸವಾದವರು, ಆದ್ದರಿಂದ ಕೈ ತಾನಾಗಿ ತಪ್ಪುತ್ತದೆ. ಇನ್ನೊಂದು, 'ಸ್ವಿಂಗ್' ಎಂಬ ತೂಗಾಟ. ಒಂದು ಎಣಿಕೆಯನ್ನು ಎರಡು ಸ್ವರಗಳಾಗಿ ಒಡೆದಾಗ ಅವು ಸಮಪಾಲಾಗಿರದೆ ಮೊದಲನೆಯದು ತುಸು ದೀರ್ಘ, ಎರಡನೆಯದು ತುಸು ಹ್ರಸ್ವವಾಗಿರುತ್ತದೆ. ಎಷ್ಟು ದೀರ್ಘ, ಎಷ್ಟು ಹ್ರಸ್ವ ಎಂಬುದನ್ನು ಕಾಗದದ ಮೇಲೆ ಬರೆದು ತೋರಿಸಲಾಗದು. ನಮ್ಮ ಗಮಕವನ್ನು ಸ್ವರಲಿಪಿ ನೋಡಿ ಕಲಿಯಲಾಗದಂತೆಯೇ ಇದೂ ಕಿವಿಯಿಂದಲೇ ಬರಬೇಕು.

ಗ್ರೀನ್ ಅವರಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಮಿತವ್ಯಯ. ಕಾರ್ಡ್ ಎಂದರೆ ಏಕಕಾಲಕ್ಕೆ ಮೀಟುವ ಸ್ವರಗಳ ಗುಂಪು. ಗಿಟಾರಿಗೆ ಆರು ತಂತಿಗಳಿವೆ ಎಂದು ಹೊಸಬರು ಆರನ್ನೂ ಒತ್ತಿಹಿಡಿದು ಬಾರಿಸುತ್ತಾರೆ. ಬೆರಳು ನೋಯುತ್ತದೆ, ದನಿ ಗೋಜಲಾಗುತ್ತದೆ. ಗ್ರೀನ್ ಹಲವು ಸಲ ಮೂರು ತಂತಿಗಳ ಮೇಲೆ ಬೆರಳಿಟ್ಟು, ಅದರಲ್ಲೂ ಒಂದೆರಡನ್ನೇ ಸ್ಪಷ್ಟವಾಗಿ ಕೇಳಿಸುತ್ತಿದ್ದರು. ಇದರ ಮರ್ಮ ಸರಳ. ಷಡ್ಜ, ಅಂತರ ಗಾಂಧಾರ, ಪಂಚಮ, ಕೈಶಿಕಿ ನಿಷಾದ, ಈ ನಾಲ್ಕು ಸೇರಿದರೆ ಜಾಜ್‌ನಲ್ಲಿ ಮತ್ತೆ ಮತ್ತೆ ಬರುವ 'ಸೆವೆಂತ್' ಕಾರ್ಡ್ ಆಗುತ್ತದೆ. ಷಡ್ಜವನ್ನು ಬಾಸ್ ವಾದಕ ನೋಡಿಕೊಳ್ಳುತ್ತಾನೆ. ಪಂಚಮ ಇಲ್ಲದಿದ್ದರೂ ನಷ್ಟವಿಲ್ಲ. ಕಾರ್ಡಿನ ಗುಣವನ್ನು ತಿಳಿಸುವವು ಗಾಂಧಾರ ಮತ್ತು ನಿಷಾದ, ಎರಡೇ. ಅಂತರ ಗಾಂಧಾರವನ್ನು ಸಾಧಾರಣ ಗಾಂಧಾರಕ್ಕೆ ಇಳಿಸಿದರೆ ಕಾರ್ಡಿನ ಮುಖವೇ ಬದಲಾಗುತ್ತದೆ. ಈ ಎರಡು ಸ್ವರಗಳನ್ನು ಹಿಡಿಯಲು ಬಲ್ಲವನು ನೂರು ಕಾರ್ಡುಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವನಿಗಿಂತ ಬೇಗ ತಂಡದಲ್ಲಿ ಕೂಡಬಲ್ಲ.

ಸುಟ್ಟ ಕೈ

"ನನ್ನ ಬೆರಳು ಚಿಕ್ಕದು", "ನನ್ನ ಗಿಟಾರು ಅಗ್ಗದ್ದು", "ಒಳ್ಳೆಯ ಆಂಪ್ಲಿಫೈಯರ್ ಕೊಂಡ ಮೇಲೆ ಶುರು ಮಾಡುತ್ತೇನೆ": ಇಂತಹ ಮಾತುಗಳನ್ನು ಆಡುವವರು ಜಾಂಗೋ ರೈನ್‌ಹಾರ್ಟ್ ಅವರ ಬಾಳನ್ನು ಓದಬೇಕು. 1910ರಲ್ಲಿ ಬೆಲ್ಜಿಯಂನಲ್ಲಿ, ಊರೂರು ಅಲೆಯುವ ರೋಮಾ ಜನಾಂಗದಲ್ಲಿ ಹುಟ್ಟಿದ ಜಾಂಗೋ ಪ್ಯಾರಿಸ್ ಸುತ್ತಮುತ್ತ ಬೆಳೆದರು. 1928ರಲ್ಲಿ ಅವರು ವಾಸಿಸುತ್ತಿದ್ದ ಬಂಡಿಮನೆಗೆ ಬೆಂಕಿ ಬಿತ್ತು. ಎಡಗೈಯ ಉಂಗುರದ ಬೆರಳು ಮತ್ತು ಕಿರುಬೆರಳು ಸುಟ್ಟು ಮುರುಟಿದವು. ಗಿಟಾರು ವಾದಕನಿಗೆ ಎಡಗೈಯ ಬೆರಳೆಂದರೆ ಬರಹಗಾರನಿಗೆ ಕಣ್ಣಿದ್ದಂತೆ.

ಜಾಂಗೋ ಉಳಿದ ಎರಡು ಬೆರಳುಗಳಿಗೇ ಹೊಸ ದಾರಿ ಹುಡುಕಿದರು. ತನಿ ನುಡಿಸುವಾಗ ತೋರುಬೆರಳು ಮತ್ತು ನಡುಬೆರಳು ತಂತಿಯ ಉದ್ದಕ್ಕೂ ಓಡುತ್ತಿದ್ದವು. ಸುಟ್ಟ ಬೆರಳುಗಳು ಕಾರ್ಡ್ ಹಿಡಿಯುವಾಗ ಅಲ್ಪಸ್ವಲ್ಪ ನೆರವಾಗುತ್ತಿದ್ದವು. ಅವರಿಗೆ ದಾರಿ ತೋರಿದ ಗುರುಗಳೆಂದರೆ ಅಮೆರಿಕದಿಂದ ಬಂದ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ರೆಕಾರ್ಡುಗಳು. 1934ರಲ್ಲಿ ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲಿಯವರ ಜೊತೆಗೂಡಿ ಅವರು ಕಟ್ಟಿದ ಐವರ ತಂಡದಲ್ಲಿ ಡ್ರಮ್ಮೂ ಇರಲಿಲ್ಲ, ಕಹಳೆಯೂ ಇರಲಿಲ್ಲ, ಎಲ್ಲವೂ ತಂತಿವಾದ್ಯಗಳೇ. ಅಮೆರಿಕದ ಹೊರಗೆ ಹುಟ್ಟಿದ ಮೊದಲ ದೊಡ್ಡ ಜಾಜ್ ಪ್ರತಿಭೆ ಎಂದು ಚರಿತ್ರೆಕಾರರು ಜಾಂಗೋರನ್ನು ಕರೆಯುವುದುಂಟು.

ಆದರೆ ಇಲ್ಲಿ ಒಂದು ಎಚ್ಚರಿಕೆ. ಜಾಂಗೋ ಸ್ವರಲಿಪಿ ಓದಲಾರರು ಎಂಬುದನ್ನೇ ಹಿಡಿದುಕೊಂಡು ಕೆಲವರು "ಶಾಸ್ತ್ರವೇ ಬೇಡ" ಎಂದುಬಿಡುತ್ತಾರೆ. ಅದು ಇನ್ನೊಂದು ಬಗೆಯ ತಪ್ಪು. ಅವರಿಗೆ ತಿಳಿಯದೆ ಇದ್ದದ್ದು ಸ್ವರಗಳ ಬರಹ, ಸ್ವರಗಳ ಸಂಬಂಧವಲ್ಲ.

ಸಿಗಾರ್ ಪೆಟ್ಟಿಗೆಯಿಂದ ಹಾರ್ಲೆಮ್‌ವರೆಗೆ

ಚಾರ್ಲಿ ಕ್ರಿಶ್ಚಿಯನ್ 1916ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿ ಒಕ್ಲಹೋಮ ಸಿಟಿಯ ಬಡ ಕೇರಿಯಲ್ಲಿ ಬೆಳೆದವರು. ತಂದೆ ಕಣ್ಣು ಕಾಣದ ಸಂಗೀತಗಾರ. ಮಕ್ಕಳನ್ನು ಕರೆದುಕೊಂಡು ಬೀದಿ ಬೀದಿಗಳಲ್ಲಿ ಹಾಡಿ ಸಂಸಾರ ಸಾಗಿಸುತ್ತಿದ್ದರು. ಶಾಲೆಯ ಮರಗೆಲಸದ ತರಗತಿಯಲ್ಲಿ ಚಾರ್ಲಿ ಸಿಗಾರ್ ಪೆಟ್ಟಿಗೆಗಳಿಂದ ಗಿಟಾರು ಮಾಡುತ್ತಿದ್ದ ಸಂಗತಿಯನ್ನು ಅದೇ ಊರಿನಲ್ಲಿ ಬೆಳೆದ ಕಾದಂಬರಿಕಾರ ರಾಲ್ಫ್ ಎಲಿಸನ್ 1958ರ ಲೇಖನವೊಂದರಲ್ಲಿ ದಾಖಲಿಸಿದ್ದಾರೆ.

1936ರಲ್ಲಿ ಗಿಬ್ಸನ್ ಕಂಪನಿಯ ಇಎಸ್-150 ಎಂಬ ವಿದ್ಯುತ್ ಗಿಟಾರು ಮಾರುಕಟ್ಟೆಗೆ ಬಂತು. ಅದರ ಬಲದಿಂದ ಗಿಟಾರು ಕಹಳೆಗಳ ಸಮಕ್ಕೆ ನಿಲ್ಲುವಂತಾಯಿತು. 1939ರ ಆಗಸ್ಟ್‌ನಲ್ಲಿ ಪ್ರಸಿದ್ಧ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರ ಮುಂದೆ ಚಾರ್ಲಿಯ ಪರೀಕ್ಷೆ ನಡೆಯಿತು. ಗುಡ್‌ಮನ್‌ಗೆ ಈ ಅಪರಿಚಿತ ಹುಡುಗನಲ್ಲಿ ಆಸಕ್ತಿಯಿರಲಿಲ್ಲ. ಇವನಿಗೆ ಗೊತ್ತಿರಲಾರದು ಎಂದುಕೊಂಡು 'ರೋಸ್ ರೂಮ್' ಎಂಬ ಹಾಡನ್ನು ಆರಂಭಿಸಿದರಂತೆ. ಚಾರ್ಲಿಗೆ ಅದು ಗೊತ್ತಿತ್ತು. ತನ್ನ ಸರದಿ ಬಂದಾಗಲೆಲ್ಲ ಹೊಸ ಹೊಸ ಕಲ್ಪನೆಗಳನ್ನು ನುಡಿಸಿದರು. ಆ ಒಂದೇ ಹಾಡು ಮುಕ್ಕಾಲು ಗಂಟೆಯಷ್ಟು ನಡೆಯಿತು ಎಂಬ ಮಾತಿದೆ. ಕೆಲಸ ಸಿಕ್ಕಿತು.

ಆ ಪರೀಕ್ಷೆಯಲ್ಲಿ ಚಾರ್ಲಿಯನ್ನು ಕಾಪಾಡಿದ್ದು ಸ್ಕೇಲುಗಳಲ್ಲ, ಹಾಡು. ಜಾಜ್‌ನಲ್ಲಿ ಮನೋಧರ್ಮಕ್ಕೆ ನೆಲೆಯಾಗುವುದು ಒಂದು ನಿರ್ದಿಷ್ಟ ಹಾಡಿನ ಚೌಕಟ್ಟು. ಬಹಳಷ್ಟು ಹಾಡುಗಳು 32 ಆವರ್ತಗಳವು, ಎಂಟೆಂಟರ ನಾಲ್ಕು ಭಾಗ. ಬ್ಲೂಸ್ ಎಂಬುದು 12 ಆವರ್ತಗಳದು. ವಾದಕ ಏನೇ ಕಲ್ಪನೆ ಮಾಡಲಿ, ಆ ಚೌಕಟ್ಟು ಕೆಳಗೆ ಸುತ್ತುತ್ತಲೇ ಇರುತ್ತದೆ. ನಮ್ಮ ನೆರವಲ್‌ನಲ್ಲಿ ಸಾಹಿತ್ಯದ ಸಾಲನ್ನು ಬಿಡದೆ ವಿಸ್ತರಿಸುವ ಹಾಗೆ ಇಲ್ಲಿ ಹಾಡಿನ ನಡೆಯನ್ನು ಬಿಡದೆ ವಿಸ್ತರಿಸಬೇಕು. ಕೃತಿಯೇ ಬಾರದವನು ನೆರವಲ್ ಮಾಡುವುದೆಂತು? ನಾನು ಮಾಡಿದ ಮೂರನೆಯ ತಪ್ಪು ಇದೇ ಆಗಿತ್ತು.

ಚಾರ್ಲಿಯ ನುಡಿಕೆಯಲ್ಲಿ ಇನ್ನೊಂದು ಪಾಠವಿದೆ. ಅವರು ಆರಾಧಿಸಿದ್ದು ಗಿಟಾರು ವಾದಕರನ್ನಲ್ಲ, ಲೆಸ್ಟರ್ ಯಂಗ್ ಅವರ ಸ್ಯಾಕ್ಸೊಫೋನನ್ನು. ಊದುವವನು ಉಸಿರಿಗಾಗಿ ನಿಲ್ಲಲೇಬೇಕು. ಅವನ ಸಂಗೀತ ವಾಕ್ಯಗಳಾಗಿ ಬರುತ್ತದೆ. ಗಿಟಾರಿಗೆ ಉಸಿರಿನ ಹಂಗಿಲ್ಲದ ಕಾರಣ ಹೊಸಬರು ಅಲ್ಪವಿರಾಮವೂ ಇಲ್ಲದ ಭಾಷಣದಂತೆ ನುಡಿಸುತ್ತಾರೆ, ವೇಗವನ್ನೇ ಪ್ರೌಢಿಮೆ ಎಂದು ಭ್ರಮಿಸುತ್ತಾರೆ. ಇದು ನಾಲ್ಕನೆಯ ತಪ್ಪು. ಮುಂದೆ ಜಿಮ್ ಹಾಲ್ ಎಂಬ ಗಿಟಾರು ವಾದಕರು 1962ರಲ್ಲಿ ಪಿಯಾನೋ ವಾದಕ ಬಿಲ್ ಇವಾನ್ಸ್ ಅವರೊಡನೆ ಮುದ್ರಿಸಿದ ಜೋಡಿ ವಾದನ ಕೇಳಿದರೆ, ನುಡಿಸದೆ ಬಿಟ್ಟ ಸ್ವರಕ್ಕೂ ಬೆಲೆಯಿದೆ ಎಂಬುದು ಮನದಟ್ಟಾಗುತ್ತದೆ.

ಐದನೆಯ ತಪ್ಪು ಒಂಟಿತನ. ಚಾರ್ಲಿ ಗುಡ್‌ಮನ್ ತಂಡದ ಕೆಲಸ ಮುಗಿದ ಮೇಲೆ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಮಿಂಟನ್ಸ್ ಪ್ಲೇಹೌಸ್‌ಗೆ ಹೋಗಿ ಬೆಳಗಿನ ಜಾವದವರೆಗೆ ಕಿರಿಯರೊಡನೆ ನುಡಿಸುತ್ತಿದ್ದರು. ಅಲ್ಲಿನ ಪಿಯಾನೋ ವಾದಕ ಥಿಲೋನಿಯಸ್ ಮಂಕ್, ಡ್ರಮ್ ವಾದಕ ಕೆನ್ನಿ ಕ್ಲಾರ್ಕ್. 1941ರ ಮೇ ತಿಂಗಳಲ್ಲಿ ಜೆರ್ರಿ ನ್ಯೂಮನ್ ಎಂಬ ಕಾಲೇಜು ವಿದ್ಯಾರ್ಥಿ ತನ್ನ ಮುದ್ರಣ ಯಂತ್ರವನ್ನು ಅಲ್ಲಿಗೆ ಹೊತ್ತೊಯ್ದು ಅದನ್ನು ಹಿಡಿದಿಟ್ಟ. ಆ ವಿದ್ಯಾರ್ಥಿಯ ಉತ್ಸಾಹವಿಲ್ಲದಿದ್ದರೆ 'ಬೀಬಾಪ್' ಎಂಬ ಹೊಸ ಶೈಲಿ ಮೊಳಕೆಯೊಡೆದ ರಾತ್ರಿಗಳು ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ಮರುವರ್ಷ, 1942ರ ಮಾರ್ಚ್ 2ರಂದು, ಚಾರ್ಲಿ ಕ್ಷಯರೋಗದಿಂದ ತೀರಿಕೊಂಡರು. ವಯಸ್ಸು 25. ನಿಮ್ಮಲ್ಲಿ ಕೆಲವರಿಗಿಂತ ನಾಲ್ಕೈದು ವರ್ಷ ದೊಡ್ಡವರಷ್ಟೇ.

ಹೆಬ್ಬೆರಳಿನ ಕಥೆ

ಚಾರ್ಲಿ ತೀರಿಕೊಂಡ ಬಳಿಕ ಇಂಡಿಯಾನಾಪೊಲಿಸ್ ನಗರದಲ್ಲಿ ವೆಸ್ ಮಾಂಟ್‌ಗೊಮರಿ ಎಂಬ ತರುಣ ಅವರ ರೆಕಾರ್ಡನ್ನು ಕೇಳಿ ಬೆರಗಾದ. ವಯಸ್ಸು ಇಪ್ಪತ್ತರ ಹತ್ತಿರ, ಮದುವೆಯಾಗಿತ್ತು, ಸ್ವರಲಿಪಿ ಬಾರದು. ಒಂದು ಗಿಟಾರು ಕೊಂಡು ಚಾರ್ಲಿಯ ತನಿಗಳನ್ನು ರೆಕಾರ್ಡಿನಿಂದ ಕೇಳಿ ಕೇಳಿ, ಸ್ವರ ಬಿಡದಂತೆ ಕಲಿತ. ಊರಿನ ಕ್ಲಬ್ಬೊಂದು ಅವನಿಗೆ ಕೆಲಸ ಕೊಟ್ಟಿದ್ದು ಆ ತನಿಗಳನ್ನು ನುಡಿಸುವುದಕ್ಕಾಗಿಯೇ. ಕಲಿತದ್ದು ಮುಗಿದರೆ ಮುಂದೇನೂ ಬಾರದೆ ವೇದಿಕೆಯಿಂದ ಇಳಿಯಬೇಕಾಗುತ್ತಿತ್ತು.

ರಾತ್ರಿ ಅಭ್ಯಾಸದ ಸದ್ದಿಗೆ ಮನೆಯವರೂ ನೆರೆಯವರೂ ಬೇಸರಪಟ್ಟಾಗ ಪಿಕ್ ಬಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಮೀಟತೊಡಗಿದರು. ಅನಿವಾರ್ಯಕ್ಕೆ ಹಿಡಿದ ಆ ರೂಢಿಯೇ ಅವರ ದನಿಯಾಯಿತು. ಮಂದ್ರದಲ್ಲೊಂದು, ತಾರದಲ್ಲೊಂದು, ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಸುವ ಅವರ ಕ್ರಮ ಲೋಕಪ್ರಸಿದ್ಧವಾಯಿತು. ಆದರೆ ಇದಕ್ಕೆ ಹಿಡಿದ ಕಾಲವೆಷ್ಟು? 1948ರಿಂದ 1950ರವರೆಗೆ ಲಯೋನೆಲ್ ಹ್ಯಾಂಪ್ಟನ್ ವೃಂದದಲ್ಲಿದ್ದು, ಮತ್ತೆ ಊರಿಗೆ ಬಂದು, ಹಗಲು ಕಾರ್ಖಾನೆಯಲ್ಲಿ ದುಡಿದು, ರಾತ್ರಿ ಕ್ಲಬ್ಬುಗಳಲ್ಲಿ ನುಡಿಸಿ ಸಂಸಾರ ಸಾಕಿದರು. ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಅವರ ವಾದನ ಕೇಳಿ ನ್ಯೂಯಾರ್ಕಿನ ರಿವರ್‌ಸೈಡ್ ಕಂಪನಿಗೆ ತಿಳಿಸಿದ್ದು 1959ರಲ್ಲಿ. ಮರುವರ್ಷದ ಮುದ್ರಿಕೆಯಿಂದ ಜಗತ್ತು ಅವರನ್ನು ಗುರುತಿಸಿತು. 1968ರಲ್ಲಿ, 45ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅನುಕರಣೆಯ ಬಗ್ಗೆ ಹೊಸಬರು ಎರಡು ರೀತಿ ತಪ್ಪುತ್ತಾರೆ. "ನಾನು ಯಾರನ್ನೂ ಅನುಕರಿಸುವುದಿಲ್ಲ, ನನ್ನದೇ ಶೈಲಿ" ಎಂದು ಮೊದಲ ದಿನವೇ ಹೊರಡುವುದು ಒಂದು. ಅನುಕರಣೆಯಲ್ಲೇ ನಿಂತುಬಿಡುವುದು ಇನ್ನೊಂದು. ವೆಸ್ ಮೊದಲು ಪೂರ್ತಿಯಾಗಿ ಶಿಷ್ಯನಾದರು; ಆಮೇಲೆ ತಮ್ಮ ದಾರಿ ಹಿಡಿದರು.

ಶಾಲೆಯೂ ಪುಸ್ತಕವೂ

ಇಲ್ಲಿಯವರೆಗೆ ಹೇಳಿದ ಕಲಾವಿದರಿಗೆ ಜಾಜ್ ಶಾಲೆಯಿರಲಿಲ್ಲ. ಅದು ಬಂದದ್ದು ನಂತರ. ಲಾರೆನ್ಸ್ ಬರ್ಕ್ 1945ರಲ್ಲಿ ಬಾಸ್ಟನ್‌ನಲ್ಲಿ ತೆರೆದ ಶಾಲೆ ಮುಂದೆ ಬರ್ಕ್ಲಿ ಎಂದು ಹೆಸರಾಯಿತು. 1953ರಲ್ಲಿ ಜಾರ್ಜ್ ರಸೆಲ್ ಕಾರ್ಡುಗಳಿಗೂ ಸ್ಕೇಲುಗಳಿಗೂ ಇರುವ ಸಂಬಂಧವನ್ನು ಶಾಸ್ತ್ರವಾಗಿ ಪ್ರತಿಪಾದಿಸಿದರು. 1966ರಲ್ಲಿ ವಿಲಿಯಂ ಲೆವಿಟ್ ಅವರ ಗಿಟಾರು ಪಾಠಪುಸ್ತಕ, 1967ರಲ್ಲಿ ಜೇಮಿ ಏಬರ್‌ಸೋಲ್ಡ್ ಅವರ ಹಿಮ್ಮೇಳ ಮಾತ್ರ ಇರುವ ರೆಕಾರ್ಡು, 1970ರ ದಶಕದಲ್ಲಿ ಬಾಸ್ಟನ್ನಿನ ವಿದ್ಯಾರ್ಥಿಗಳು ಗುಟ್ಟಾಗಿ ಅಚ್ಚು ಹಾಕಿಸಿದ 'ರಿಯಲ್ ಬುಕ್' ಎಂಬ ಹಾಡುಗಳ ಸಂಪುಟ, ಒಂದರ ಹಿಂದೊಂದು ಬಂದವು.

ಇವುಗಳಿಂದ ಮಹದುಪಕಾರವಾಯಿತು. ನ್ಯೂಯಾರ್ಕ್ ಕಾಣದವನೂ ಜಾಜ್ ಕಲಿಯುವಂತಾಯಿತು. ಆದರೆ ಕಿವಿಯಿಂದ ಕೈಗೆ ಹೋಗುತ್ತಿದ್ದ ವಿದ್ಯೆ ಕಣ್ಣಿನಿಂದ ಕೈಗೆ ಹೋಗತೊಡಗಿತು. ಪ್ರತಿ ಕಾರ್ಡಿಗೂ ಒಂದು ಸ್ಕೇಲು ಎಂದು ಕಲಿತವನು ಸ್ವರಗಳನ್ನು ಮೇಲೆ ಕೆಳಗೆ ಓಡಿಸಿ, ಅದನ್ನೇ ಸಂಗೀತ ಎಂದುಕೊಂಡ. ಆರೋಹಣ ಅವರೋಹಣ ಒಪ್ಪಿಸಿದವನು ರಾಗ ಹಾಡಿದ ಎನ್ನಲಾದೀತೆ? ರಿಯಲ್ ಬುಕ್‌ನಲ್ಲಿ ಎಷ್ಟೋ ಹಾಡುಗಳ ಕಾರ್ಡುಗಳು ತಪ್ಪಾಗಿ ಅಚ್ಚಾಗಿದ್ದವು. ಮೂಲ ಮುದ್ರಿಕೆ ಕೇಳದವರು ಆ ತಪ್ಪುಗಳನ್ನೇ ಪಾಠ ಮಾಡಿಕೊಂಡರು. ಹಕ್ಕುಗಳನ್ನು ಪಡೆದ, ಅನೇಕ ತಿದ್ದುಪಡಿಗಳುಳ್ಳ ಆವೃತ್ತಿ ಹೊರಬಂದದ್ದು 2004ರಲ್ಲಿ. ದೋಷ ಪುಸ್ತಕದ್ದಲ್ಲ, ಪುಸ್ತಕವನ್ನು ಕಿವಿಯ ಜಾಗದಲ್ಲಿ ಕೂರಿಸಿದ್ದು ದೋಷ. ಈಗ ಪುಸ್ತಕದ ಜಾಗಕ್ಕೆ ಮೊಬೈಲು ಪರದೆ ಬಂದಿದೆ. ತಪ್ಪು ಮಾತ್ರ ಹಳೆಯದೇ.

ನಮ್ಮ ನಾಡಿನ ಉದಾಹರಣೆ

ನಮ್ಮಿಂದ ಇದು ಆಗದು ಎನ್ನುವವರಿಗೆ ಕಾರ್ಲ್‌ಟನ್ ಕಿಟ್ಟೊ ಅವರ ಹೆಸರು ಸಾಕು. ಬೆಂಗಳೂರಿನಲ್ಲಿ ಹುಟ್ಟಿದ ಕಿಟ್ಟೊ, ಚಾರ್ಲಿ ಕ್ರಿಶ್ಚಿಯನ್ ಪರಂಪರೆಯ ಬೀಬಾಪ್ ಗಿಟಾರನ್ನು ಬಹುಮಟ್ಟಿಗೆ ರೆಕಾರ್ಡುಗಳಿಂದಲೇ ಕಲಿತರು. 1970ರ ದಶಕದಲ್ಲಿ ಕಲ್ಕತ್ತೆಗೆ ಹೋಗಿ ನೆಲೆಸಿದರು. ಹೋಟೆಲುಗಳಲ್ಲಿ ಜಾಜ್‌ಗೆ ಬೇಡಿಕೆ ಕುಗ್ಗಿದ ಮೇಲೂ ಶೈಲಿ ಬದಲಿಸದೆ, ಅನೇಕ ಶಿಷ್ಯರನ್ನು ತಯಾರು ಮಾಡಿ, 2016ರಲ್ಲಿ ತೀರಿಕೊಂಡರು. ಭಾರತೀಯ ಜಾಜ್ ಚರಿತ್ರೆಯನ್ನು ಹೇಳುವ ಒಂದು ಸಾಕ್ಷ್ಯಚಿತ್ರ ಅವರ ಹೆಸರನ್ನೇ ಹೊತ್ತಿದೆ. ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿನ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ 'ಜ್ಯೋತಿ' ಎಂಬ ಮುದ್ರಿಕೆ ತಂದದ್ದೂ ಸ್ಮರಣೀಯ. ತಾಳವನ್ನು ಮೈಗೂಡಿಸಿಕೊಂಡವರಿಗೆ ಜಾಜ್ ಪರಕೀಯವಲ್ಲ.

ಕೊನೆಯದಾಗಿ, ಗಿಟಾರು ಮನೆಯಲ್ಲಿರುವ ಮಿತ್ರರಿಗೆ ಒಂದು ಸಲಹೆ. ಈ ತಿಂಗಳು ಒಂದೇ ಒಂದು ಹಾಡನ್ನು ಆರಿಸಿಕೊಳ್ಳಿ. ಹನ್ನೆರಡು ಆವರ್ತದ ಬ್ಲೂಸ್ ಆದರೆ ಒಳ್ಳೆಯದು. ಅದರ ಒಳ್ಳೆಯ ಮುದ್ರಿಕೆಯೊಂದನ್ನು ಗಿಟಾರು ಮುಟ್ಟದೆ ದಿನವೂ ಕೇಳಿ. ಎರಡು ಮತ್ತು ನಾಲ್ಕನೆಯ ಎಣಿಕೆಗೆ ಚಪ್ಪಾಳೆ ತಟ್ಟಿ. ರಾಗವನ್ನು ಬಾಯಲ್ಲಿ ಹಾಡಲು ಬಂದ ಮೇಲೆ ತಂತಿಯ ಮೇಲೆ ಹುಡುಕಿ. ಎರಡು ಸ್ವರಗಳ ಕಾರ್ಡುಗಳಿಂದ ಹಿಮ್ಮೇಳ ನುಡಿಸಿ. ಆಮೇಲೆ ಜೊತೆಗೊಬ್ಬರನ್ನು ಹುಡುಕಿಕೊಳ್ಳಿ. ಅವರು ಗಿಟಾರೇ ನುಡಿಸಬೇಕೆಂದಿಲ್ಲ, ಮೃದಂಗವಾದರೂ ಆದೀತು.

ನಾನು ಹನ್ನೊಂದು ವರ್ಷಗಳ ಬಳಿಕ ಅಟ್ಟದಿಂದ ಇಳಿಸಿದ ಗಿಟಾರಿನಲ್ಲಿ ಮೊದಲು ಕಲಿತದ್ದು ಅಂತಹ ಒಂದು ಬ್ಲೂಸ್. ಅಷ್ಟರಲ್ಲಿ ಆ ಸ್ಯಾಕ್ಸೊಫೋನ್ ಹಿರಿಯರು ತೀರಿಕೊಂಡಿದ್ದರು. ಅವರು ಕೇಳಿದ್ದು ಒಂದೇ ಹಾಡು. ನಿಮ್ಮನ್ನು ಯಾರಾದರೂ ಹಾಗೆ ಕೇಳಿದ ದಿನ ನುಡಿಸಲು ನಿಮ್ಮ ಬಳಿ ಒಂದಾದರೂ ಹಾಡಿರಲಿ.